ಕಾಲಿನಲ್ಲಿ ಹೆಪ್ಪು, ಎದೆಯಲ್ಲಿ ಆಪತ್ತು

1940ರ ಸೆಪ್ಟೆಂಬರ್. ಕತ್ತಲಾಯಿತೆಂದರೆ ಜರ್ಮನಿಯ ಬಾಂಬರ್ ವಿಮಾನಗಳು ಲಂಡನ್ ನಗರದ ಮೇಲೆ ಎರಗುತ್ತಿದ್ದ ದಿನಗಳು. ಸೈರನ್ ಕೂಗಿದ ಕೂಡಲೇ ಜನ ಕಂಬಳಿ ಹೊದ್ದು, ಮಕ್ಕಳನ್ನು ಎತ್ತಿಕೊಂಡು ನೆಲಮಾಳಿಗೆಗಳಿಗೆ, ಆಶ್ರಯತಾಣಗಳಿಗೆ ಇಳಿಯುತ್ತಿದ್ದರು. ಅಲ್ಲಿ ಕಾಲು ಚಾಚಿ ಮಲಗಲು ಜಾಗವಿರಲಿಲ್ಲ. ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ಮಡಚು ಕುರ್ಚಿಗಳಲ್ಲಿ ಕುಳಿತೇ ಬೆಳಗು ಮಾಡಬೇಕಿತ್ತು. ಬಾಂಬಿನಿಂದ ಪಾರಾದೆವೆಂದು ಬೆಳಿಗ್ಗೆ ಮೇಲೆ ಬಂದವರಲ್ಲಿ ಕೆಲವರು, ಮೈಮೇಲೆ ಒಂದು ಗೀರೂ ಇಲ್ಲದವರು, ಹಠಾತ್ತನೆ ಕುಸಿದು ಸತ್ತರು.

ಈ ಸಾವುಗಳ ಜಾಡು ಹಿಡಿದವರು ಮರಣೋತ್ತರ ಪರೀಕ್ಷೆಯ ತಜ್ಞ ಕೀತ್ ಸಿಂಪ್ಸನ್. ಶವಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ಅವರಿಗೆ ಕಂಡದ್ದು ಗಟ್ಟಿಯಾದ ರಕ್ತದ ಉಂಡೆಗಳು. ಅವು ಅಲ್ಲಿ ಹುಟ್ಟಿದವಲ್ಲ, ಕಾಲಿನಿಂದ ಬಂದವು. ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸಿದರೆ ಇಂಥ ಸಾವುಗಳು ಆರು ಪಟ್ಟು ಹೆಚ್ಚಾಗಿದ್ದವೆಂದು ಅವರು ಆ ವರ್ಷದ ಕೊನೆಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕುರ್ಚಿಯ ಮುಂದಿನ ಮರದ ಪಟ್ಟಿ ರಾತ್ರಿಯಿಡೀ ತೊಡೆಯ ಅಡಿಭಾಗವನ್ನು ಒತ್ತುತ್ತಿತ್ತು. ಕೆಳಗಿಳಿದ ರಕ್ತ ಮೇಲೆ ಹತ್ತಲಾರದೆ ಕಾಲಿನಲ್ಲೇ ನಿಂತು ಹೆಪ್ಪುಗಟ್ಟುತ್ತಿತ್ತು. ಮುಂದೆ ಆಶ್ರಯತಾಣಗಳಲ್ಲಿ ಅಂತಸ್ತಿನ ಮಂಚಗಳು ಬಂದವು. ಜನ ಮಲಗಿ ನಿದ್ರಿಸುವಂತಾಯಿತು.

ಹೆಪ್ಪು ಎಂಬುದು ಹಾಲಿನ ಮಾತು. ಹಾಲಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಬಾರದೆಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ರಕ್ತಕ್ಕೂ ಮೊಸರಿಗೂ ರಾಸಾಯನಿಕವಾಗಿ ಏನೇನೂ ಸಂಬಂಧವಿಲ್ಲ. ಆದರೆ ನಿಂತದ್ದು ಗಟ್ಟಿಯಾಗುತ್ತದೆ ಎಂಬಷ್ಟರ ಮಟ್ಟಿಗೆ ಹೋಲಿಕೆ ಸರಿ. ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ಮನುಷ್ಯ ಬದುಕಲಾರ. ಅದೇ ಹೆಪ್ಪು ಗಾಯವಿಲ್ಲದ ಕಡೆ, ರಕ್ತನಾಳದ ಒಳಗೇ ಕಟ್ಟಿಕೊಂಡರೆ ಪ್ರಾಣಕ್ಕೆ ಸಂಚಕಾರ.

ಹೃದಯದಿಂದ ಪಾದದವರೆಗೆ ರಕ್ತ ಇಳಿಯುವುದು ಸುಲಭ. ಹೃದಯ ಬಡಿಯುತ್ತದೆ, ಅಪಧಮನಿಗಳು ಒಯ್ಯುತ್ತವೆ. ಪಾದದಿಂದ ಹೃದಯಕ್ಕೆ ಮರಳುವ ದಾರಿಯೇ ಕಷ್ಟದ್ದು. ಆ ಕೆಲಸ ಅಭಿಧಮನಿಗಳದ್ದು. ಅವಕ್ಕೆ ಸ್ವಂತ ಬಡಿತವಿಲ್ಲ. ನಡೆಯುವಾಗ ಮೀನಖಂಡದ ಸ್ನಾಯುಗಳು ಅವುಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತವೆ. ದೂಡಿದ ರಕ್ತ ಮತ್ತೆ ಕೆಳಗೆ ಜಾರದಂತೆ ಒಳಗೆ ಪುಟ್ಟ ಕವಾಟಗಳಿವೆ. ಇಟಲಿಯ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳ ವಿವರವನ್ನು ಪ್ರಕಟಿಸಿದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಪರಿಚಲನೆಯನ್ನು ಸಾಧಿಸಿ ತೋರಿಸುವಾಗ ಅವನ್ನೇ ಸಾಕ್ಷ್ಯವಾಗಿ ಬಳಸಿದ. ಕಾಲು ಅಲ್ಲಾಡದೆ ಗಂಟೆಗಟ್ಟಲೆ ಇದ್ದರೆ ಹೆಪ್ಪು ಮೊದಲು ಮೊಳೆಯುವುದು ಈ ಕವಾಟಗಳ ಹಿಂದಿನ ಮೂಲೆಗಳಲ್ಲೇ.

ಕಾಲಿನ ಹೆಪ್ಪಿಗೂ ಎದೆಯ ಸಾವಿಗೂ ಇರುವ ನಂಟನ್ನು ಬಿಡಿಸಿ ಹೇಳಿದವನು ಬರ್ಲಿನ್ನಿನ ರುಡಾಲ್ಫ್ ವಿರ್ಕೋ. 1840ರ ದಶಕದಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗಲೇ, ಅವನು ಚಾರಿಟೆ ಆಸ್ಪತ್ರೆಯ ಶವಾಗಾರದಲ್ಲಿ ಒಂದು ಸಂಗತಿ ಗಮನಿಸಿದ. ಶ್ವಾಸಕೋಶದ ನಾಳದಲ್ಲಿ ಉಂಡೆ ಸಿಕ್ಕ ಶವಗಳಲ್ಲಿ ಕಾಲಿನ ಅಭಿಧಮನಿಯಲ್ಲೂ ಹೆಪ್ಪು ಇರುತ್ತಿತ್ತು. ರಕ್ತನಾಳದ ಉರಿಯೂತವೇ ಎಲ್ಲಕ್ಕೂ ಮೂಲವೆಂದು ಪ್ಯಾರಿಸ್ಸಿನ ಹಿರಿಯ ವೈದ್ಯರು ನಂಬಿದ್ದ ಕಾಲ ಅದು. ವಿರ್ಕೋ ವಾದಕ್ಕೆ ಕೂರಲಿಲ್ಲ. ನಾಯಿಗಳ ಕತ್ತಿನ ಅಭಿಧಮನಿಯೊಳಗೆ ರಬ್ಬರಿನ ಚೂರುಗಳನ್ನೂ ಹೆಪ್ಪಿನ ತುಂಡುಗಳನ್ನೂ ಇಳಿಸಿ, ಅವು ಹೃದಯ ಹೊಕ್ಕು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದನ್ನು ತೋರಿಸಿದ. ಹೀಗೆ ಕಳಚಿಕೊಂಡು ತೇಲುವ ಹೆಪ್ಪಿಗೆ ‘ಎಂಬೋಲಸ್’ ಎಂಬ ಹೆಸರನ್ನು ರೂಢಿಗೆ ತಂದವನೂ ಅವನೇ. ರಕ್ತದ ಓಟ ಮಂದವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಗುಣಕ್ಕೆ ತಿರುಗುವುದು, ಈ ಮೂರು ಕಾರಣಗಳನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ‘ವಿರ್ಕೋ ತ್ರಿಕೂಟ’ ಎಂದೇ ಉರು ಹೊಡೆಯುತ್ತಾರೆ. ಅವನು ಅದನ್ನು ಹಾಗೆ ಮೂರು ಸಾಲಿನ ಸೂತ್ರವಾಗಿ ಬರೆದಿರಲಿಲ್ಲ, ಹಿಂದಿನಿಂದ ಬಂದವರು ಕಟ್ಟಿದ ಹೆಸರದು.

ಬಾಣಂತಿಯ ಕಾಲು

ವಿರ್ಕೋಗೆ ಮುನ್ನ ಈ ರೋಗ ಜನರ ಕಣ್ಣಿಗೆ ಬೀಳುತ್ತಲೇ ಇತ್ತು, ಅರ್ಥವಾಗುತ್ತಿರಲಿಲ್ಲ ಅಷ್ಟೆ. ಬಹುಶಃ ಅತ್ಯಂತ ಹಳೆಯ ದಾಖಲೆ 1271ರದ್ದು. ಫ್ರಾನ್ಸಿನ ನಾರ್ಮಂಡಿಯ ರಾವುಲ್ ಎಂಬ 20 ವರ್ಷದ ಯುವಕನ ಒಂದೇ ಕಾಲಿನಲ್ಲಿ ನೋವು, ಬಾವು ಕಾಣಿಸಿಕೊಂಡು ಮೇಲಕ್ಕೆ ಹಬ್ಬಿ, ಕೊನೆಗೆ ಹುಣ್ಣಾಯಿತು. ಸಂತ ಲೂಯಿಯ ಸಮಾಧಿಯ ಧೂಳನ್ನು ಹಚ್ಚಿಕೊಂಡು ಅವನು ಗುಣಮುಖನಾದನೆಂದು ಪವಾಡಗಳ ಹಸ್ತಪ್ರತಿಯೊಂದು ಹೇಳುತ್ತದೆ.

ಹೆರಿಗೆಯಾದ ಹೆಂಗಸರಲ್ಲಂತೂ ಇದು ಎಲ್ಲರಿಗೂ ಪರಿಚಿತ. ಒಂದು ಕಾಲು ಊದಿ, ಬೆಳ್ಳಗಾಗಿ, ಮುಟ್ಟಿದರೆ ಚೀರುವಷ್ಟು ನೋಯುತ್ತಿತ್ತು. ಎದೆಗೆ ಇಳಿಯಬೇಕಾದ ಹಾಲು ದಾರಿ ತಪ್ಪಿ ಕಾಲಿಗೆ ಇಳಿದಿದೆಯೆಂದು ಯುರೋಪಿನ ವೈದ್ಯರು ತರ್ಕಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ ‘ಹಾಲುಗಾಲು’ ಎಂಬರ್ಥದ ಹೆಸರೇ ಬಿತ್ತು. ತರ್ಕ ತಪ್ಪು, ಆದರೆ ಗಮನಿಸಿದ್ದು ತಪ್ಪಲ್ಲ. ಗರ್ಭಿಣಿಯ ದೇಹ ಹೆರಿಗೆಯ ರಕ್ತಸ್ರಾವವನ್ನು ಎದುರಿಸಲು ಮೊದಲೇ ಸಜ್ಜಾಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಬೆಳೆಯುವ ಗರ್ಭ ಹೊಟ್ಟೆಯ ಅಭಿಧಮನಿಗಳನ್ನು ಒತ್ತುತ್ತದೆ. ಆಪತ್ತು ಹೆರಿಗೆಯೊಂದಿಗೆ ಮುಗಿಯುವುದಿಲ್ಲ, ನಂತರದ ಆರು ವಾರಗಳಲ್ಲಿ ಅದು ಇನ್ನೂ ಹೆಚ್ಚು. ಹೀಗೆ ಊದುವುದು ಹೆಚ್ಚಾಗಿ ಎಡಗಾಲೇ. ಎಡಗಾಲಿನಿಂದ ಬರುವ ದೊಡ್ಡ ಅಭಿಧಮನಿಯ ಮೇಲೆ, ಬಲಗಾಲಿಗೆ ಹೋಗುವ ಅಪಧಮನಿ ಅಡ್ಡಲಾಗಿ ಹಾಯ್ದು ಅದನ್ನು ಬೆನ್ನುಮೂಳೆಗೆ ಒತ್ತಿ ಹಿಡಿಯುವುದೇ ಇದಕ್ಕೆ ಕಾರಣ.

ಈಗ ನಮ್ಮ ಮನೆಗಳ ಬಾಣಂತನವನ್ನು ನೆನೆಯಬಹುದು. ಮಂಚ ಬಿಟ್ಟು ಇಳಿಯಬೇಡ, ಓಡಾಡಬೇಡ ಎಂದು ವಾರಗಟ್ಟಲೆ ಕಟ್ಟುನಿಟ್ಟು ಮಾಡುವ ಮನೆಗಳು ಇನ್ನೂ ಇವೆ. ಆರೈಕೆ ಬೇಡವೆಂದು ಯಾವ ವೈದ್ಯರೂ ಹೇಳುವುದಿಲ್ಲ. ಕಾಲಾಡಿಸದೆ ಮಲಗಿಸುವುದನ್ನು ಮಾತ್ರ ಒಪ್ಪುವುದಿಲ್ಲ. ಊದಿದ ಕಾಲಿಗೆ ಎಣ್ಣೆ ಹಚ್ಚಿ ನೀವುವ ರೂಢಿಯೂ ಅಷ್ಟೇ. ಎರಡೂ ಕಾಲು ಊದಿದ್ದರೆ ಅದರ ಕಾರಣ ಬೇರೆಯೇ ಇರಬಹುದು. ಒಂದೇ ಕಾಲು ಊದಿ ಬಿಸಿಯಾಗಿ ನೋಯುತ್ತಿದ್ದರೆ, ಅದನ್ನು ತಿಕ್ಕುವ ಮೊದಲು ವೈದ್ಯರಿಗೆ ತೋರಿಸಬೇಕು.

ಕಣ್ಣು ನಂಬಿ ಕೆಟ್ಟವರು

ತೋರಿಸಿದರೂ ವೈದ್ಯರಿಗೆ ಕಾಣುತ್ತದೆಯೇ? ಈ ರೋಗದ ಇತಿಹಾಸದಲ್ಲಿ ಅತ್ಯಂತ ಮುಜುಗರದ ಅಧ್ಯಾಯ ಇದೇ. ಬೋಸ್ಟನ್ನಿನ ಶಸ್ತ್ರವೈದ್ಯ ಜಾನ್ ಹೋಮನ್ಸ್ 1940ರ ದಶಕದಲ್ಲಿ ಒಂದು ಸುಲಭ ಪರೀಕ್ಷೆ ವಿವರಿಸಿದ. ಪಾದವನ್ನು ಮೊಣಕಾಲಿನ ಕಡೆಗೆ ಬಾಗಿಸಿದಾಗ ಮೀನಖಂಡದಲ್ಲಿ ನೋವು ಬಂದರೆ ಹೆಪ್ಪು ಇದೆಯೆಂದು ಅರ್ಥ. ದಶಕಗಳ ಕಾಲ ಜಗತ್ತಿನ ವಾರ್ಡುಗಳಲ್ಲೆಲ್ಲ ರೋಗಿಗಳ ಪಾದಗಳನ್ನು ಹೀಗೆ ಬಾಗಿಸಲಾಯಿತು. ನಾಳಕ್ಕೆ ಬಣ್ಣದ ದ್ರವ ಚುಚ್ಚಿ ಕ್ಷಕಿರಣ ಚಿತ್ರ ತೆಗೆದು ನೋಡುವ ವಿಧಾನ ಬಂದಾಗ ನಿಜ ಗೊತ್ತಾಯಿತು. ಹೆಪ್ಪು ಇದ್ದವರಲ್ಲಿ ಬಹಳ ಮಂದಿಗೆ ನೋವು ಬರುತ್ತಿರಲಿಲ್ಲ, ಸ್ನಾಯು ಉಳುಕಿದವರಿಗೆ ಬರುತ್ತಿತ್ತು! ಕಾಲು ಊದಿದೆಯೆಂದು ಸಂಶಯ ಪಟ್ಟವರಲ್ಲಿ ಬಹುಪಾಲು ಮಂದಿಗೆ ಹೆಪ್ಪೇ ಇರುವುದಿಲ್ಲ. ಇತ್ತ ಸಂಶಯಕ್ಕೆ ಎಡೆಯೇ ಕೊಡದೆ, ಊದದೆ, ನೋಯದೆ ಬೆಳೆದ ಹೆಪ್ಪು ನೇರವಾಗಿ ಎದೆಯಲ್ಲೇ ಮೊದಲ ಸುದ್ದಿ ಕೊಡುವುದೂ ಉಂಟು.

ಇಂದಿನ ಕ್ರಮ ಮೂರು ಹಂತದ್ದು. ಮೊದಲನೆಯದಕ್ಕೆ ಯಂತ್ರವೇ ಬೇಡ. ಕೆನಡಾದ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಅಂಕಪಟ್ಟಿ ಸಾಕು. ಕ್ಯಾನ್ಸರ್ ಇದೆಯೇ, ಕಾಲಿಗೆ ಪ್ಲಾಸ್ಟರ್ ಹಾಕಿತ್ತೇ, ಮೂರು ದಿನವಾದರೂ ಹಾಸಿಗೆ ಹಿಡಿದಿದ್ದರೇ ಅಥವಾ ಈಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿತ್ತೇ ಎಂಬ ಪ್ರಶ್ನೆಗಳಿಗೆ ಒಂದೊಂದು ಅಂಕ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಗಳನ್ನು ಟೇಪಿನಿಂದ ಅಳೆದಾಗ, 3 ಸೆಂ.ಮೀ. ಮೀರಿ ವ್ಯತ್ಯಾಸವಿದ್ದರೆ ಮತ್ತೊಂದು ಅಂಕ. ನೋವು ಬಾವಿಗೆ ಬೇರೆ ಕಾರಣವೂ ಅಷ್ಟೇ ಸಂಭವನೀಯವಾಗಿದ್ದರೆ ಎರಡು ಅಂಕ ಕಳೆಯಬೇಕು. ದರ್ಜಿಯ ಟೇಪು ವೈದ್ಯರ ಕೈಯಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಅಪರೂಪ.

ಅಂಕ ಕಡಿಮೆ ಬಂದರೆ ಎರಡನೆಯ ಹಂತ, ‘ಡಿ-ಡೈಮರ್’ ರಕ್ತಪರೀಕ್ಷೆ. 2020 ಮತ್ತು 2021ರ ಕೋವಿಡ್ ಅಲೆಗಳಲ್ಲಿ ಈ ಹೆಸರು ಕರ್ನಾಟಕದ ಮನೆಮನೆಗೂ ಬಂತು. ಆ ವೈರಾಣು ಶ್ವಾಸಕೋಶದ ನಾಳಗಳಲ್ಲಿ ಹೆಪ್ಪು ಕಟ್ಟಿಸುತ್ತಿತ್ತಾದ್ದರಿಂದ ಆಸ್ಪತ್ರೆ ಸೇರಿದವರಿಗೆ ಹೊಟ್ಟೆಯ ಚರ್ಮದಡಿ ಹೆಪಾರಿನ್ ಚುಚ್ಚುವುದು ಸಾಮಾನ್ಯವಾಯಿತು. ಪ್ರಯೋಗಾಲಯದ ವರದಿ ಹಿಡಿದು ಅಂಕಿ ಏರಿದೆಯೆಂದು ಕಂಗಾಲಾದವರು ಎಷ್ಟೋ ಮಂದಿ. ಡಿ-ಡೈಮರ್ ಎಂದರೆ ಹೆಪ್ಪು ಕರಗುವಾಗ ಉದುರುವ ಚೂರು. ಅದು ಜ್ವರದಲ್ಲೂ ಏರುತ್ತದೆ, ಬಸುರಿನಲ್ಲೂ ಏರುತ್ತದೆ, ವಯಸ್ಸಾದಂತೆಯೂ ಏರುತ್ತದೆ. ಆದ್ದರಿಂದ ಏರಿದ್ದರೆ ಹೆಪ್ಪು ಇದೆಯೆಂದು ಹೇಳಲಾಗದು. ಕಡಿಮೆ ಅಂಕದ ರೋಗಿಯಲ್ಲಿ ಏರದಿದ್ದರೆ ಮಾತ್ರ ಹೆಪ್ಪಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಅದರ ಉಪಯೋಗವೆಲ್ಲ ‘ಇಲ್ಲ’ ಎನ್ನುವುದರಲ್ಲಿದೆ.

ಮೂರನೆಯದು ಅಲ್ಟ್ರಾಸೌಂಡ್. ಇಲ್ಲಿಯ ಉಪಾಯ ಬಲು ಸರಳ. ತಂತ್ರಜ್ಞರು ಯಂತ್ರದ ಹಿಡಿಕೆಯಿಂದ ತೊಡೆಯನ್ನೂ ಮೊಣಕಾಲಿನ ಹಿಂಭಾಗವನ್ನೂ ಒತ್ತುತ್ತಾರೆ. ಆರೋಗ್ಯವಂತ ಅಭಿಧಮನಿ ಒದ್ದೆ ಬಟ್ಟೆಯ ಕೊಳವೆಯಂತೆ ಚಪ್ಪಟೆಯಾಗುತ್ತದೆ. ಒಳಗೆ ಹೆಪ್ಪು ತುಂಬಿದ್ದರೆ ಚಪ್ಪಟೆಯಾಗದೆ ಗುಂಡಗೇ ಉಳಿಯುತ್ತದೆ. ಎದೆಯಲ್ಲಿ ಹೆಪ್ಪು ಸಿಕ್ಕಿರುವ ಶಂಕೆಯಿದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಚುಚ್ಚುವ ಎದೆನೋವು, ಕಫದಲ್ಲಿ ರಕ್ತ, ತಲೆ ಸುತ್ತಿ ಬೀಳುವುದು ಆ ಶಂಕೆಯ ಲಕ್ಷಣಗಳು. ಆಗ ಮರುದಿನದವರೆಗೆ ಕಾಯುವಂತಿಲ್ಲ.

ರೋಗ ಗೊತ್ತಿದ್ದೂ ಅಲಕ್ಷಿಸಿದವರಲ್ಲಿ ಅಮೆರಿಕದ ಅಧ್ಯಕ್ಷರೊಬ್ಬರಿದ್ದಾರೆ. ವಾಟರ್‌ಗೇಟ್ ಹಗರಣ ಕುತ್ತಿಗೆಗೆ ಬಂದಿದ್ದ 1974ರ ಜೂನ್‌ನಲ್ಲಿ ರಿಚರ್ಡ್ ನಿಕ್ಸನ್ ಊದಿದ ಎಡಗಾಲಿನೊಂದಿಗೇ, ವೈದ್ಯರ ಮಾತು ಮೀರಿ, ಮಧ್ಯಪ್ರಾಚ್ಯ ಪ್ರವಾಸ ಮಾಡಿದರು. ಆಗಸ್ಟ್‌ನಲ್ಲಿ ಪದತ್ಯಾಗವಾಯಿತು. ಶರತ್ಕಾಲದಲ್ಲಿ ಹೆಪ್ಪಿನ ಚೂರು ಶ್ವಾಸಕೋಶ ತಲುಪಿತು. ಅಕ್ಟೋಬರ್ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್‌ನಲ್ಲಿ ಅಭಿಧಮನಿಗೆ ಕ್ಲಿಪ್ ಹಾಕುವ ಶಸ್ತ್ರಚಿಕಿತ್ಸೆಯಾಗಿ, ಅದರ ಬೆನ್ನಲ್ಲೇ ಒಳಗೆ ರಕ್ತಸ್ರಾವವಾಗಿ ಅವರು ಸಾವಿನ ಬಾಗಿಲು ತಟ್ಟಿ ಬಂದರು. ಕಾಯಿಲೆ ನಾಟಕವೆಂದು ಅನುಮಾನಿಸಿದವರಿದ್ದರು. ನ್ಯಾಯಾಲಯವೇ ವೈದ್ಯರ ತಂಡವನ್ನು ಕಳಿಸಿ ನೋಡಿಸಬೇಕಾಯಿತು.

ಹಸು ಸತ್ತ ಕೊಟ್ಟಿಗೆಯಿಂದ

ಚಿಕಿತ್ಸೆಯ ಕಥೆ ಇನ್ನೂ ಸ್ವಾರಸ್ಯದ್ದು. 1916ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ನಾಯಿಯ ಪಿತ್ತಜನಕಾಂಗದಿಂದ ತೆಗೆದ ಸಾರ ಅದಕ್ಕೆ ಪೂರ್ತಿ ಉಲ್ಟಾ ನಡೆದುಕೊಂಡಿತು, ಅದು ಬೆರೆತ ರಕ್ತ ಹೆಪ್ಪೇ ಗಟ್ಟಲಿಲ್ಲ. ಅವನ ಗುರು ವಿಲಿಯಂ ಹೋವೆಲ್ ಇಂಥ ಹೆಪ್ಪುನಿರೋಧಕಕ್ಕೆ, ಪಿತ್ತಜನಕಾಂಗಕ್ಕಿರುವ ಗ್ರೀಕ್ ಪದದಿಂದ ‘ಹೆಪಾರಿನ್’ ಎಂದು ಹೆಸರಿಟ್ಟರು. ಅದನ್ನು ಶುದ್ಧೀಕರಿಸಿ ಮನುಷ್ಯರಿಗೆ ಕೊಡಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಟೊರೊಂಟೊದಲ್ಲಿ ಆ ಕೆಲಸ ನಡೆಸಿದವರಲ್ಲಿ ಇನ್ಸುಲಿನ್ ಖ್ಯಾತಿಯ ಚಾರ್ಲ್ಸ್ ಬೆಸ್ಟ್ ಒಬ್ಬರು. ಇಂದು ಹೆಪಾರಿನ್ ಬಹುಪಾಲು ಬರುವುದು ಹಂದಿಯ ಕರುಳಿನ ಒಳಪದರದಿಂದ.

ಹೆಪಾರಿನ್ ಚುಚ್ಚುಮದ್ದು. ಬಾಯಿಂದ ನುಂಗುವ ಔಷಧ ಬಂದದ್ದು ದನದ ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದ ರೈತರ ದನಗಳು ರಕ್ತ ನಿಲ್ಲದೆ ಸಾಯತೊಡಗಿದ್ದವು. ಕೊಂಬು ಕೊಯ್ದರೂ ಸಾಕು, ರಕ್ತ ಸುರಿದು ಸಾಯುತ್ತಿದ್ದವು. ‘ಸ್ವೀಟ್ ಕ್ಲೋವರ್’ ಎಂಬ ಮೇವು ಒದ್ದೆಯಾಗಿ ಬೂಸ್ಟು ಹಿಡಿದರೆ ಹೀಗಾಗುತ್ತದೆಂದು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಕಂಡುಹಿಡಿದಿದ್ದರು. ಬೂಸ್ಟಿನಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಆರ್ಥಿಕ ಮುಗ್ಗಟ್ಟಿನಲ್ಲಿದ್ದ ರೈತರಿಗೆ ಹಾಳಾದ ಮೇವನ್ನು ಎಸೆಯುವ ಶಕ್ತಿಯೂ ಇರಲಿಲ್ಲ.

1933ರ ಫೆಬ್ರುವರಿ. ಹಿಮಗಾಳಿ ಬೀಸುತ್ತಿದ್ದ ಒಂದು ಶನಿವಾರ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ ಸುಮಾರು 300 ಕಿ.ಮೀ. ಲಾರಿ ಓಡಿಸಿಕೊಂಡು ಮ್ಯಾಡಿಸನ್ ನಗರಕ್ಕೆ ಬಂದ. ಲಾರಿಯಲ್ಲಿ ಸತ್ತ ಕಡಸು, ಒಂದಿಷ್ಟು ಹಾಳಾದ ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ. ಪಶುವೈದ್ಯಾಧಿಕಾರಿಯ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದಕ್ಕೆ ನುಗ್ಗಿದ. ಅದು ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರದು. ಆ ಮೇವು ಹಾಕಬೇಡ ಎನ್ನುವುದನ್ನು ಬಿಟ್ಟು ಅವನಿಗೆ ಹೇಳಲು ಅವರಲ್ಲಿ ಹೆಚ್ಚೇನೂ ಇರಲಿಲ್ಲ. ರೈತ ಮರಳಿ ಹೋದ, ಕ್ಯಾನು ಅಲ್ಲೇ ಉಳಿಯಿತು. ಆರು ವರ್ಷಗಳ ದುಡಿಮೆಯ ಬಳಿಕ 1939ರಲ್ಲಿ ಲಿಂಕ್ ಅವರ ತಂಡ ಆ ವಿಷದ ಹರಳುಗಳನ್ನು ಬೇರ್ಪಡಿಸಿತು. ಅದೇ ಡೈಕುಮರಾಲ್.

ಅದರ ಬಳಗದ ಇನ್ನೂ ಬಲವಾದ ರಾಸಾಯನಿಕವೊಂದನ್ನು ಲಿಂಕ್ ಇಲಿ ಪಾಷಾಣವಾಗಿ ಬಳಸಬಹುದೆಂದು ಸೂಚಿಸಿದರು. 1948ರಲ್ಲಿ ಅದು ‘ವಾರ್ಫರಿನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸಂಶೋಧನೆಗೆ ಹಣ ಒದಗಿಸಿದ ವಿಸ್ಕಾನ್ಸಿನ್ ಪ್ರತಿಷ್ಠಾನದ ಇಂಗ್ಲಿಷ್ ಮೊದಲಕ್ಷರಗಳೇ ಆ ಹೆಸರಿನ ಮೊದಲ ಭಾಗ. ಇಲಿ ಪಾಷಾಣವನ್ನು ಮನುಷ್ಯನಿಗೆ ಕೊಡುವ ಧೈರ್ಯ ಯಾರಿಗಿದ್ದೀತು? 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಯುವಕನೊಬ್ಬ ಆತ್ಮಹತ್ಯೆಗಾಗಿ ಹಲವು ದಿನ ಅದನ್ನು ನುಂಗಿದ. ರಕ್ತ ಕೊಟ್ಟು, ‘ಕೆ’ ಜೀವಸತ್ವ ಕೊಟ್ಟಾಗ ಚೇತರಿಸಿಕೊಂಡ. ಮದ್ದಿಗೆ ಮರುಮದ್ದಿದೆ ಎಂಬುದು ಕಣ್ಣೆದುರೇ ಸಿದ್ಧವಾಯಿತು. 1954ರಲ್ಲಿ ಮನುಷ್ಯರ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತಕ್ಕೊಳಗಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನು ಕೊಡಲಾಯಿತು.

ಈ ಔಷಧಗಳು ನಿಜಕ್ಕೂ ಪ್ರಾಣ ಉಳಿಸುತ್ತವೆಯೇ? ಉತ್ತರ 1960ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಬಂತು. ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ಶ್ವಾಸಕೋಶಕ್ಕೆ ಹೆಪ್ಪು ಹೋಗಿದ್ದ ರೋಗಿಗಳನ್ನು ಎರಡು ಗುಂಪು ಮಾಡಿದರು. ಔಷಧ ಕೊಡದ 19 ಮಂದಿಯಲ್ಲಿ 5 ಮಂದಿ ಹೆಪ್ಪಿನಿಂದಲೇ ಸತ್ತರು, ಇನ್ನೂ 5 ಮಂದಿಗೆ ಅದು ಮರುಕಳಿಸಿತು. ಔಷಧ ಪಡೆದ 16 ಮಂದಿಯಲ್ಲಿ ಒಬ್ಬರೂ ಹೆಪ್ಪಿನಿಂದ ಸಾಯಲಿಲ್ಲ. ಇನ್ನು ಯಾರಿಗೂ ಔಷಧ ತಪ್ಪಿಸುವುದು ಸರಿಯಲ್ಲವೆಂದು ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಲಾಯಿತು. ಕೇವಲ 35 ಮಂದಿಯ ಈ ಪ್ರಯೋಗ ಜಗತ್ತಿನ ಚಿಕಿತ್ಸಾ ಕ್ರಮವನ್ನೇ ಬದಲಿಸಿತು.

ಹೆಪ್ಪುನಿರೋಧಕಗಳು ಇರುವ ಹೆಪ್ಪನ್ನು ಕರಗಿಸುತ್ತವೆಂಬುದು ತಪ್ಪು ತಿಳಿವಳಿಕೆ. ಅವು ಹೆಪ್ಪು ಬೆಳೆಯದಂತೆ ತಡೆಯುತ್ತವೆ, ಕರಗಿಸುವ ಕೆಲಸ ದೇಹದ್ದೇ. ಪ್ರಾಣವೇ ಹೋಗುವಂತಿದ್ದಾಗ ಮಾತ್ರ ಕರಗಿಸುವ ಬೇರೆ ಔಷಧ ಕೊಡುತ್ತಾರೆ. ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಔಷಧ ನಡೆಯಬೇಕು. ಕಾರಣವಿಲ್ಲದೆ ಹೆಪ್ಪುಗಟ್ಟಿದವರಿಗೆ ವರ್ಷಗಳೇ ಬೇಕಾದೀತು. ಊತ ಇಳಿಯಿತೆಂದು ಹದಿನೈದು ದಿನಕ್ಕೆ ಮಾತ್ರೆ ಬಿಡುವವರೇ ವೈದ್ಯರ ದೊಡ್ಡ ಚಿಂತೆ.

ವಾರ್ಫರಿನ್‌ನ ಕಷ್ಟವೆಂದರೆ ಅದರ ಅಳತೆ. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಅದಕ್ಕಾಗಿ ಆಗಾಗ ‘ಐಎನ್‌ಆರ್’ ರಕ್ತಪರೀಕ್ಷೆ ಮಾಡಿಸಿ ಅಂಕಿಯನ್ನು 2ರಿಂದ 3ರ ನಡುವೆ ಇಡಬೇಕು. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಅದರ ಸೋದರ ಔಷಧ ಅಸೆನೊಕುಮರಾಲ್‌ಗೂ ಇದೇ ನಿಯಮ. ಈ ಮಾತ್ರೆಗಳು ಕೆಲಸ ಮಾಡುವುದೇ ‘ಕೆ’ ಜೀವಸತ್ವಕ್ಕೆ ಅಡ್ಡಗಾಲು ಹಾಕಿ. ಆ ಜೀವಸತ್ವ ಹೇರಳವಾಗಿರುವುದು ಹಸಿರು ಸೊಪ್ಪಿನಲ್ಲಿ. ಹೀಗಾಗಿ ಸೊಪ್ಪಿನ ಸಾರು, ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯವೆಂದರೆ ಪ್ರಾಣ ಬಿಡುವ ಮನೆಗಳಲ್ಲಿ ರೋಗಿಗೆ ಸೊಪ್ಪನ್ನೇ ನಿಷೇಧಿಸಿಬಿಡುವುದುಂಟು. ಅದು ಬೇಕಿಲ್ಲ. ಒಂದು ವಾರ ಬುಟ್ಟಿಗಟ್ಟಲೆ, ಮರುವಾರ ಏನೂ ಇಲ್ಲ ಎಂದಾಗಬಾರದು ಅಷ್ಟೆ. ದಿನವೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಮಾತ್ರೆಯ ಅಳತೆಯನ್ನು ಅದಕ್ಕೆ ಹೊಂದಿಸಬಹುದು. ಈ ಶತಮಾನದಲ್ಲಿ ಬಂದ ರಿವರೋಕ್ಸಬಾನ್, ಅಪಿಕ್ಸಬಾನ್ ಮುಂತಾದ ಮಾತ್ರೆಗಳಿಗೆ ಸೊಪ್ಪಿನ ಗೊಡವೆಯೂ ಇಲ್ಲ, ಪದೇ ಪದೇ ಐಎನ್‌ಆರ್ ಪರೀಕ್ಷೆಯೂ ಬೇಡ. ಆದರೆ ಕೃತಕ ಲೋಹದ ಹೃದಯ ಕವಾಟ ಹಾಕಿಸಿಕೊಂಡವರಿಗೆ ಅವು ಸಲ್ಲುವುದಿಲ್ಲ, ಅವರಿಗೆ ಇಂದಿಗೂ ಹಳೆಯ ಮಾತ್ರೆಯೇ ಗತಿ.

ಇಷ್ಟೆಲ್ಲ ಔಷಧಗಳ ನಡುವೆ ಹಣ ಬೇಡದ ಒಂದು ಕ್ರಮಕ್ಕೆ ವೈದ್ಯಲೋಕ ಒಪ್ಪಲು ಹೆಚ್ಚು ಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ಎರಡು ಮೂರು ವಾರ ಮಲಗಿಸುವುದೇ ಉತ್ತಮ ಆರೈಕೆ ಎನಿಸಿತ್ತು. 1947ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್, ಹಾಸಿಗೆ ಹಿಡಿಯುವುದರ ಅಪಾಯಗಳ ಕುರಿತೇ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಹರಿತವಾದ ಲೇಖನ ಬರೆದು, ಅವುಗಳ ಪಟ್ಟಿಯಲ್ಲಿ ಕಾಲಿನ ಹೆಪ್ಪನ್ನೂ ಸೇರಿಸಿದರು. ಹಾಸಿಗೆಯಲ್ಲಿ ಚಲಿಸದೆ ಬಿದ್ದಿರುವವನ ಕಾಲಿಗೂ ಸಿಂಪ್ಸನ್ ಕಂಡ ಕುರ್ಚಿಯಲ್ಲಿ ಕುಳಿತವನ ಕಾಲಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಈಗ ಮೊಣಕಾಲಿನ ಕೀಲು ಬದಲಿಸಿಕೊಂಡ ಅಜ್ಜಿಯನ್ನೂ ಸಾಧ್ಯವಾದರೆ ಅದೇ ದಿನ, ಇಲ್ಲವೇ ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಹೊಲಿಗೆ ಇನ್ನೂ ಹಸಿ, ಎರಡು ದಿನ ಮಲಗಿರಲಿ ಬಿಡಿ ಎಂದು ಮಗ, ಸೊಸೆ ಮಂಚದ ಪಕ್ಕ ನಿಂತು ಗೋಗರೆಯುತ್ತಾರೆ. ನರ್ಸ್ ಕೇಳಿಸಿಕೊಳ್ಳುವುದಿಲ್ಲ. ಅಜ್ಜಿಯ ತೋಳಿಗೆ ಕೈ ಕೊಟ್ಟು, ಬಾಗಿಲಿನವರೆಗೆ ಹೋಗಿ ಬರೋಣ ಬನ್ನಿ ಅಜ್ಜಿ ಎನ್ನುತ್ತಾರೆ.